ಬೆನ್ನಿಗೆ ಬಿದ್ದ ನಟ್ಟು

ಮೇಸ್ತ್ರಿಯ ಮೂಗು ಮುರಿದದ್ದು ಕ್ಯಾಂಟೀನಿನಲ್ಲಿ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಅರವತ್ತು ಜನರ ಕಣ್ಣೆದುರಿಗೆ. ಮುರಿದವನು ಹೊರಗಿನವನಲ್ಲ, ಹೆಂಡತಿಯ ಸ್ವಂತ ತಮ್ಮ. ಎಡಗೈಯಲ್ಲಿ ಎರಡು ಬೆರಳು ಇಲ್ಲದ್ದರಿಂದ ಬಲಗೈಯಲ್ಲೇ ಸ್ಟೀಲಿನ ತಟ್ಟೆ ಎತ್ತಿ, ಅಂಚು ಮುಂದಾಗಿ ಬೀಸಿದ್ದ. ಮೇಸ್ತ್ರಿ ಬೆಂಚಿನಿಂದ ಹಿಂದಕ್ಕೆ ಉರುಳಿ, ಎದ್ದು, ರಕ್ತ ಒರೆಸಿಕೊಳ್ಳುವ ಗೋಜಿಗೂ ಹೋಗದೆ ಮೈದುನನ ಕುತ್ತಿಗೆ ಹಿಡಿದು ನೀರಿನ ಡ್ರಮ್ಮಿಗೆ ಅದ್ದಿದ. ಬಿಡಿಸಲು ಬಂದ ನಾಲ್ವರಲ್ಲಿ ಇಬ್ಬರಿಗೆ ಏಟು ಬಿತ್ತು. ಉಳಿದಿಬ್ಬರಿಗೆ ತಮ್ಮ ಊಟ ತಣ್ಣಗಾಗುತ್ತಿರುವುದು ನೆನಪಾಯಿತು.

ಅದು ಕೆಂಪಗೆ ಕಾದ ಕಬ್ಬಿಣವನ್ನು ಯಂತ್ರದ ಸುತ್ತಿಗೆಯಿಂದ ಬಡಿದು ಲಾರಿಯ ಬಿಡಿಭಾಗ ಮಾಡುವ ಕಾರ್ಖಾನೆ. ಆರು ಸುತ್ತಿಗೆ, ಒಂದೊಂದೂ ಆನೆಯಷ್ಟು ತೂಕ. ಕಾಲಿನಿಂದ ಪೆಡಲು ಒತ್ತಿದರೆ ಧಡ್ ಎಂದು ಬೀಳುತ್ತದೆ, ಬಿಟ್ಟರೆ ಏಳುತ್ತದೆ. ಆ ಸದ್ದಿನಲ್ಲಿ ಪಕ್ಕದವನ ಕಿವಿಗೆ ಬಾಯಿಟ್ಟು ಕಿರುಚಿದರೂ ಅವನಿಗೆ ಉಗುಳು ತಲುಪೀತೇ ಹೊರತು ಮಾತು ತಲುಪದು. ಹಾಗಾಗಿ ಮೇಸ್ತ್ರಿ ಜೇಬಿನಲ್ಲಿ ಕಬ್ಬಿಣದ ನಟ್ಟುಗಳನ್ನು ಇಟ್ಟುಕೊಳ್ಳುತ್ತಿದ್ದ. ಯಾರನ್ನಾದರೂ ಕರೆಯಬೇಕಾದರೆ ಬೆನ್ನಿಗೆ ಗುರಿಯಿಟ್ಟು ಒಂದು ಎಸೆಯುವುದು. ಗುರಿ ತಪ್ಪಿದ್ದೇ ಇಲ್ಲ. ಸಿಟ್ಟು ಕಡಿಮೆಯಿದ್ದರೆ ಸಣ್ಣ ನಟ್ಟು, ಹೆಚ್ಚಿದ್ದರೆ ದೊಡ್ಡದು. ಸ್ನಾನ ಮಾಡುವಾಗ ಕೆಲಸಗಾರರು ಒಬ್ಬರಿನ್ನೊಬ್ಬರ ಬೆನ್ನ ಮೇಲಿನ ನೀಲಿ ಗುರುತು ನೋಡಿ ಆ ವಾರ ಮೇಸ್ತ್ರಿಯ ಮನೆಯಲ್ಲಿ ಪರಿಸ್ಥಿತಿ ಹೇಗಿತ್ತು ಎಂದು ಲೆಕ್ಕ ಹಾಕುತ್ತಿದ್ದರು.

ಮೂರು ತಿಂಗಳ ಹಿಂದೆ ಮೂರನೆಯ ಸುತ್ತಿಗೆಯಲ್ಲಿದ್ದ ಮೈದುನ, ಎರಡು ಏಟಿನ ನಡುವೆ ಅಚ್ಚಿನ ಮೇಲಿನ ಕಬ್ಬಿಣದ ಕರಿ ಪುಡಿ ಗುಡಿಸುವಾಗ, ಸುತ್ತಿಗೆ ಬಿದ್ದು ಅವನ ಎಡಗೈಯ ಎರಡು ಬೆರಳು ಹೋದವು. ಹೋದವು ಎಂದರೆ ಹುಡುಕಲೂ ಏನೂ ಉಳಿಯಲಿಲ್ಲ. ಮೇಸ್ತ್ರಿ ವರದಿಯಲ್ಲಿ ‘ಕೆಲಸಗಾರನ ಅಜಾಗರೂಕತೆ’ ಎಂದು ಬರೆದು ಸಹಿ ಹಾಕಿದ. ಸುತ್ತಿಗೆ ಬೀಳುವ ಒಂದು ಕ್ಷಣ ಮೊದಲು ಅವನ ಬೆನ್ನಿಗೆ ತಾನೊಂದು ನಟ್ಟು ಎಸೆದದ್ದನ್ನು ಬರೆಯಲಿಲ್ಲ. ಮುಚ್ಚಿಡಬೇಕೆಂದಲ್ಲ. ಉಸಿರಾಡಿದ್ದನ್ನು ಯಾರಾದರೂ ವರದಿಯಲ್ಲಿ ಬರೆಯುತ್ತಾರೆಯೇ? ಮೈದುನನ ಕೈಗೆ ಪೊರಕೆ ಕೊಟ್ಟು ಗೇಟಿನ ಬಳಿ ನಿಲ್ಲಿಸಿದರು. ಆ ಪೊರಕೆ ಮೂರು ತಿಂಗಳು ಗುಡಿಸಿ ಗುಡಿಸಿ, ಕೊನೆಗೆ ಕ್ಯಾಂಟೀನಿನ ತಟ್ಟೆಯಾಯಿತು.

ಯಜಮಾನರು ಮೇಸ್ತ್ರಿಯನ್ನು ಕರೆಸಿದರು. ‘ಆರು ವಾರ ಟೈಮು. ಒಬ್ಬರು ಕೋಚ್ ಬರ್ತಾರೆ, ಅವರ ಹತ್ರ ವಾರಕ್ಕೊಂದು ಸಲ ಕೂತ್ಕೋ. ಬದಲಾದ್ರೆ ಸರಿ. ಇಲ್ದಿದ್ರೆ ಮೇಸ್ತ್ರಿಗಿರಿ ಬಿಟ್ಟು ಮತ್ತೆ ಸುತ್ತಿಗೆಗೆ ಹೋಗು.’

‘ಕೋಚ್ ಅಂದ್ರೆ ಓಡೋದು ಕಲಿಸೋರಲ್ವಾ ಸಾರ್?’

‘ನನಗೂ ಒಬ್ಬರಿದ್ರು ಕಣಯ್ಯಾ. ಅದಕ್ಕೇ ಈಗ ನಿನ್ನ ಕಪಾಳಕ್ಕೆ ಹೊಡೀದೆ ಮಾತಾಡ್ತಾ ಇದೀನಿ.’

ಮೇಸ್ತ್ರಿಗಿರಿ ಎಂದರೆ ಅವನಿಗೆ ಜೀವವೇ. ಇಪ್ಪತ್ತೆರಡು ವರ್ಷ ಬೆಂಕಿಯ ಮುಂದೆ ನಿಂತು ಗಳಿಸಿದ್ದು. ಅದು ಹೋದರೆ, ತಾನು ನಟ್ಟು ಎಸೆದವರ ಸಾಲಿನಲ್ಲೇ ಬೆನ್ನು ಕೊಟ್ಟು ನಿಲ್ಲಬೇಕು. ಇತ್ತ ಕಾರ್ಖಾನೆಯಲ್ಲಿ ‘ಮೇಸ್ತ್ರಿಗೆ ಟ್ಯೂಷನ್ ಹಾಕಿದಾರಂತೆ’ ಎಂಬ ಸುದ್ದಿ ಹಬ್ಬಿತು. ಮನೆಯಲ್ಲಿ ಹೆಂಡತಿ ಮಾತು ಬಿಟ್ಟು ಮೂರು ತಿಂಗಳಾಗಿತ್ತು. ಹೇಳಬೇಕಾದದ್ದನ್ನೆಲ್ಲ ಪಾತ್ರೆಗಳನ್ನು ಕುಕ್ಕಿ ಹೇಳುತ್ತಿದ್ದಳು.

ಕೋಚ್ ಐವತ್ತರ ಆಸುಪಾಸಿನ ಸಣಕಲು ಹೆಂಗಸು. ಕೆಲಸಗಾರರು ನೋಡಿದ ಕೂಡಲೇ ‘ಕೋಚಮ್ಮ’ ಎಂದು ಹೆಸರಿಟ್ಟರು. ಹಳೇ ಸ್ಟೋರ್ ರೂಮಿನಲ್ಲಿ ಎರಡು ಕುರ್ಚಿ, ಒಂದು ಮೇಜು.

‘ಆರು ವಾರ ಆದ್ಮೇಲೆ ಏನು ಸರಿಹೋಗಿರಬೇಕು ಅಂತ ನಿಮಗನ್ಸುತ್ತೆ?’ ಎಂದು ಕೇಳಿದರು.

‘ನನ್ನ ಮೂಗು,’ ಎಂದ ಮೇಸ್ತ್ರಿ.

ಅವರು ಅದನ್ನೂ ಬರೆದುಕೊಂಡರು.

ಎರಡನೆಯ ವಾರ, ‘ತಟ್ಟೆ ಬಿದ್ದ ಕ್ಷಣದಲ್ಲಿ ನಿಮಗೇನನ್ನಿಸಿತು’ ಎಂಬ ಪ್ರಶ್ನೆ ಮೂರನೆಯ ಸಲ ಬಂದಾಗ ಮೇಸ್ತ್ರಿ ಅವರ ಟೀ ಕಪ್ಪನ್ನು ಎತ್ತಿ ಗೋಡೆಗೆ ಅಪ್ಪಳಿಸಿದ. ಟೀ ಗೋಡೆಯ ಮೇಲಿಂದ ಇಳಿದು ನೆಲ ಮುಟ್ಟುವವರೆಗೂ ಕೋಚಮ್ಮ ಅದನ್ನೇ ನೋಡಿದರು.

‘ಈ ಎಸೆಯೋ ಕೆಲಸ ಯಾರ ಹತ್ರ ಕಲಿತ್ರಿ?’

ಬಾಯಿ ಬಿಡಬಾರದು ಎಂದುಕೊಂಡಿದ್ದವನು ಬಿಟ್ಟ. ಅವನಿಗೆ ಕೆಲಸ ಕಲಿಸಿದ ಹಳೇ ಮೇಸ್ತ್ರಿ ನಟ್ಟಿನಂಥ ಚಿಲ್ಲರೆ ವ್ಯವಹಾರದವನಲ್ಲ; ನೇರವಾಗಿ ಸರಳಿನಿಂದಲೇ ಬಾರಿಸುತ್ತಿದ್ದ. ಒಮ್ಮೆ ಬಿದ್ದ ಏಟಿಗೆ ಎಡಗಿವಿಯಿಂದ ರಕ್ತ ಬಂದು, ಅಂದಿನಿಂದ ಆ ಕಿವಿ ಮುಖದ ಅಂದಕ್ಕಷ್ಟೇ ಉಳಿದಿದೆ. ‘ಹಾಗೆ ಹೊಡೆದಿದ್ದಕ್ಕೇ ನಾನು ಈ ಮಟ್ಟಕ್ಕೆ ಬಂದಿದ್ದು,’ ಎಂದ ಹೆಮ್ಮೆಯಿಂದ.

‘ಹೊಡೆದಾಗ ಏನು ಕಲಿತ್ರಿ?’

‘ಬಗ್ಗೋದು,’ ಎಂದುಬಿಟ್ಟ. ‘ಕೆಲಸ’ ಎನ್ನಬೇಕಿತ್ತು. ಮನೆಗೆ ಹೋಗುವ ದಾರಿಯುದ್ದಕ್ಕೂ ತನ್ನ ನಾಲಗೆಯನ್ನೇ ಬೈದುಕೊಂಡ.

ಮೂರನೆಯ ವಾರ ಕೋಚಮ್ಮ ಒಂದು ನಟ್ಟು ಕೇಳಿ ಪಡೆದರು. ‘ಒಂದೇ ಒಂದು ಸಲ ನಾನೂ ನಿಮಗೆ ಎಸೀಬಹುದಾ? ಯಾವಾಗ ಅಂತ ಹೇಳಲ್ಲ.’

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ‘ಧಾರಾಳವಾಗಿ ಎಸೀರಿ ತಾಯಿ. ಈ ಬೆನ್ನು ಏನೇನೋ ನೋಡಿದೆ.’

ಅವರು ಅವತ್ತು ಎಸೆಯಲಿಲ್ಲ. ನಾಲ್ಕನೆಯ ವಾರವೂ ಎಸೆಯಲಿಲ್ಲ. ಆ ಒಂದು ಗಂಟೆ ಮೇಸ್ತ್ರಿ ಕತ್ತು ಸೆಟೆಸಿಕೊಂಡು, ಅವರ ಕೈಯನ್ನೇ ನೋಡುತ್ತಾ ಕೂತಿದ್ದ. ಕೇಳಿದ ಪ್ರಶ್ನೆ ಒಂದೂ ತಲೆಗೆ ಹೋಗಲಿಲ್ಲ.

ಐದನೆಯ ವಾರ ಮಾತು ಮೈದುನನ ಬೆರಳಿಗೆ ಬಂತು. ಮೇಸ್ತ್ರಿ ಕೆರಳಿದ. ‘ಕೂತ್ಕೊಂಡು ಹೇಳಿದ್ರೆ ಅರ್ಥ ಆಗಲ್ಲ, ನೋಡಿ ಇಲ್ಲಿ’ ಎಂದು ಎದ್ದವನೇ ಕುರ್ಚಿಯನ್ನು ಎಳೆದು, ‘ಇದು ಅಚ್ಚು’ ಎಂದ. ಸೀಮೆಸುಣ್ಣದಿಂದ ನೆಲದ ಮೇಲೊಂದು ಸುತ್ತು ಬರೆದು, ‘ಇದು ಪೆಡಲು’ ಎಂದ. ಬಲಗಾಲನ್ನು ಸುತ್ತಿನ ಹೊರಗಿಟ್ಟು, ಬಗ್ಗಿ, ಎಡಗೈಯಿಂದ ಕುರ್ಚಿಯ ಮೇಲೆ ಗುಡಿಸುತ್ತಾ ಹೇಳತೊಡಗಿದ. ‘ಹೀಗೆ ಗುಡಿಸ್ಬೇಕು. ಕಾಲು ಆಚೆ ಇರ್ಬೇಕು. ನಟ್ಟು ಎಸೆದೆ, ಇಲ್ಲ ಅನ್ನಲ್ಲ. ಆದ್ರೆ ಬಿದ್ದಿದ್ದು ಬೆನ್ನಿಗೆ, ಬೆರಳಿಗಲ್ಲ. ಬೆನ್ನಿಗೆ ಬಿದ್ರೆ ಬೆರಳು ಯಾಕೆ—’

ಎರಡು ಹೆಗಲ ನಡುವೆ ಬಂದು ಬಡಿಯಿತು. ಮೈಯೆಲ್ಲ ಒಮ್ಮೆ ಜಗ್ಗಿತು, ಬಲಗಾಲು ಧಡ್ ಎಂದು ನೆಲಕ್ಕೆ ಅಪ್ಪಳಿಸಿತು.

ಕೋಚಮ್ಮ ಎಸೆದ ನಟ್ಟು ಉರುಳಿಕೊಂಡು ಹೋಗಿ ಮೂಲೆ ಸೇರಿತು. ಮೇಸ್ತ್ರಿ ಬಗ್ಗಿದವನು ಬಗ್ಗಿಕೊಂಡೇ ಕಾಲನ್ನು ನೋಡಿದ. ಬೂಟು ಸೀಮೆಸುಣ್ಣದ ಸುತ್ತಿನ ನಟ್ಟನಡುವೆ ಇತ್ತು. ಎಡಗೈ ಇನ್ನೂ ಕುರ್ಚಿಯ ಮೇಲಿತ್ತು, ಐದೂ ಬೆರಳು ಹರಡಿಕೊಂಡು.

‘ಏನು ಕಾಣ್ತಿದೆ?’ ಎಂದು ಕೇಳಿದರು ಕೋಚಮ್ಮ.

‘ಅವತ್ತು ಟೀ ಬಂದಿದೆ ಅಂತ ಹೇಳೋಕೆ ಎಸೆದಿದ್ದೆ,’ ಎಂದ ಮೇಸ್ತ್ರಿ. ‘ಬರೀ ಟೀ ಬಂದಿತ್ತು.’

ಆಮೇಲೆ ಆ ಕುರ್ಚಿಯನ್ನು ಎತ್ತಿ ಗೋಡೆಗೆ ಬಡಿದ. ಒಂದು ಕಾಲು ಮುರಿಯಿತು. ಮತ್ತೆ ಬಡಿದ, ಇನ್ನೊಂದು ಮುರಿಯಿತು. ಅಂಗೈ ಸಿಗಿದು ರಕ್ತ ಸೋರತೊಡಗಿದ ಮೇಲೆಯೇ ನಿಂತದ್ದು.

‘ಈಗ ಏನ್ ಮಾಡ್ಲಿ, ನೀವೇ ಹೇಳಿ.’

‘ನಾನು ಹೇಳಿದ್ರೆ ನಾಳೆ ನನ್ನ ಮೇಲೆ ಹಾಕ್ತೀರಿ. ನಿಮಗೇನು ಕಾಣುತ್ತೆ?’

‘ಮೇಸ್ತ್ರಿಗಿರಿ ಹೋಗೋದು ಕಾಣುತ್ತೆ.’

‘ಅದರಾಚೆ?’

ಅದರಾಚೆ ಗೇಟು ಇತ್ತು. ಆದರೆ ಮೊದಲು ಯಜಮಾನರ ಕೋಣೆ. ಮೇಸ್ತ್ರಿ ತನ್ನ ವರದಿಯನ್ನು ಕೇಳಿ ತೆಗೆಸಿಕೊಂಡು, ‘ಕೆಲಸಗಾರನ’ ಎಂಬುದನ್ನು ಹೊಡೆದು ‘ಮೇಸ್ತ್ರಿಯ’ ಎಂದು ಬರೆದ, ಕೆಳಗೆ ನಟ್ಟಿನ ಸಂಗತಿಯನ್ನೂ ಬರೆದ. ಕಾಗದಕ್ಕೆ ಅಂಗೈಯ ರಕ್ತ ಮೆತ್ತಿಕೊಂಡಿತು. ಯಜಮಾನರು ಓದಿ, ‘ಇದಕ್ಕೆ ಏನಾಗುತ್ತೆ ಗೊತ್ತಲ್ಲ?’ ಎಂದರು.

‘ಮೂರನೇ ಸುತ್ತಿಗೆ ಖಾಲಿ ಇದೆಯಲ್ಲ ಸಾರ್,’ ಎಂದ.

ಗೇಟಿನ ಬಳಿ ಮೈದುನ ಗುಡಿಸುತ್ತಿದ್ದ. ಮೇಸ್ತ್ರಿ ಎದುರು ನಿಂತು, ಟೀಯಿಂದ ಹಿಡಿದು ವರದಿಯವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಮೈದುನ ಪೂರ್ತಿ ಕೇಳಿಸಿಕೊಂಡ. ನಂತರ ಪೊರಕೆಯ ಕೋಲು ತಿರುಗಿಸಿ ಹಿಡಿದು ಬೀಸಿದ. ಏಟು ಕಿವಿಯ ಮೇಲೆ ಬಿತ್ತು. ಮೇಸ್ತ್ರಿ ಎರಡು ಹೆಜ್ಜೆ ಪಕ್ಕಕ್ಕೆ ವಾಲಿದನೇ ಹೊರತು ಬಗ್ಗಲಿಲ್ಲ.

‘ಯಾಕೆ, ಬಗ್ಗಲ್ವಾ ಭಾವ?’

‘ಕೇಳಿಸದ ಕಿವಿಗೆ ಹೊಡೆದಿದೀಯಾ. ಇನ್ನೊಂದಿದೆ, ನೋಡು.’

ಮೈದುನ ಕೋಲು ಎತ್ತಿದ, ಎತ್ತಿದ್ದನ್ನು ನೆಲಕ್ಕೆ ಎಸೆದ. ‘ಅಕ್ಕನಿಗೆ ನೀವೇ ಹೇಳಿ,’ ಎಂದ. ‘ನಾನಂತೂ ಹೇಳಲ್ಲ. ಅಲ್ಲಿ ಪಾತ್ರೆ ಜಾಸ್ತಿ ಇದೆ.’

ಆರನೆಯ ವಾರ ಯಾರೂ ಬಾ ಎನ್ನದಿದ್ದರೂ ಮೇಸ್ತ್ರಿಯಲ್ಲದ ಮೇಸ್ತ್ರಿ ಸ್ಟೋರ್ ರೂಮಿಗೆ ಹೋದ, ಹೊಸದೊಂದು ಕುರ್ಚಿ ಹೊತ್ತುಕೊಂಡು. ಹಣೆಯಲ್ಲಿ ಸೌಟಿನಗಲದ ಬಾವು ಇತ್ತು. ‘ಮನೆಯವಳು ಮಾತಾಡ್ಸಿದ್ಲು,’ ಎಂದ. ಕೋಚಮ್ಮ ಬರೆದುಕೊಂಡರು. ಕೊನೆಗೆ, ಕರೆಯಲು ನಟ್ಟು ಬೇಡವೆಂದರೆ ಏನು ಬೇಕು ಎಂದು ಇಬ್ಬರೂ ಕೂತು ಯೋಚಿಸಿದರು; ಯೋಚಿಸಿದ್ದು ಅವನು, ಕೇಳಿದ್ದು ಅವರು.

ಈಗ ಪ್ರತಿ ಸುತ್ತಿಗೆಯ ನೆತ್ತಿಯ ಮೇಲೂ ಒಂದು ಕೆಂಪು ದೀಪವಿದೆ. ಸ್ವಿಚ್ಚು ಒತ್ತಿದರೆ ಮೊದಲು ಪೆಡಲಿಗೆ ಬೀಗ ಬೀಳುತ್ತದೆ, ಆಮೇಲೆ ದೀಪ ಹತ್ತುತ್ತದೆ. ಸ್ವಿಚ್ಚಿನ ಹಲಗೆಯ ಮುಂದೆ ಮೈದುನ ಕೂರುತ್ತಾನೆ. ಆ ಕೆಲಸಕ್ಕೆ ಮೂರು ಬೆರಳು ಧಾರಾಳ. ಮೊದಲ ದಿನವೇ ಮೂರನೆಯ ಸುತ್ತಿಗೆಯ ದೀಪ ಹತ್ತಿತು. ಭಾವ ಕೈ ತೆಗೆದು, ತಿರುಗಿ ನೋಡಿ, ಏನು ಎಂದು ಹುಬ್ಬು ಹಾರಿಸಿದ.

ಮೈದುನ ಮೂರು ಬೆರಳಿನ ಕೈಯಲ್ಲಿ ಲೋಟ ಎತ್ತಿ ತೋರಿಸಿದ. ಟೀ ಬಂದಿತ್ತು.