ಒಲೆಯ ಮೇಲಿನ ಕೋಣೆ

ಬೀದಿಯವರೆಲ್ಲ ಆಕೆಯನ್ನು ಹಲೋಮ್ಮ ಎಂದೇ ಕರೆಯುತ್ತಿದ್ದರು. ಬಾಗಿಲು ತಟ್ಟಿದರೂ ಹಲೋ, ಹಿಂದಿನಿಂದ ಯಾರಾದರೂ ಕೂಗಿದರೂ ಹಲೋ. ಮದುವೆಗೆ ಮುಂಚಿನಿಂದಲೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು, ಈ ಊರಿನ ವೈರನ್ನು ಆ ಊರಿನ ತೂತಿಗೆ ಚುಚ್ಚುವುದೇ ಕೆಲಸವಾಗಿದ್ದ ಹೆಂಗಸಿನ ಬಾಯಿಗೆ ಇನ್ನೇನು ತಾನೇ ಬಂದೀತು? ಆ ಕೆಲಸಕ್ಕೊಂದು ಕಟ್ಟುನಿಟ್ಟಿತ್ತು. ಲೈನು ಸೇರಿತೇ ಎಂದು ಒಂದೆರಡು ಮಾತು ಕೇಳಿಸಿಕೊಳ್ಳಬಹುದು, ಆಮೇಲೆ ಗುಂಡಿ ಒತ್ತಿ ಹೊರಬಂದುಬಿಡಬೇಕು. ಕಿವಿಗೆ ಬಿದ್ದದ್ದು ಬಾಯಿಗೆ ಬರಕೂಡದು. ಆಕೆ ಇದನ್ನು ಚಾಚೂ ತಪ್ಪದೆ ಪಾಲಿಸಿದಳು. ಅದರಿಂದಾಗಿ ತಲೆಯ ತುಂಬ ಅರ್ಧಂಬರ್ಧ ಕತೆಗಳು ಉಳಿದುಬಿಟ್ಟವು. "ನೋಡು, ನಿಂಗೊಂದು ವಿಷಯ ಹೇಳ್ಬೇಕು" ಎಂದ ಗಂಡಸು ಹೇಳಿದ್ದಾದರೂ ಏನು? "ಗಂಡಾ, ಹೆಣ್ಣಾ?" ಎಂದ ಅಜ್ಜಿಗೆ ಸಿಕ್ಕ ಉತ್ತರವೇನು? ಯಂತ್ರ ಬಂದು ಎಕ್ಸ್‌ಚೇಂಜು ಮುಚ್ಚಿತು, ಆಕೆ ಮನೆಗೆ ಬಂದಳು, ಆದರೆ ಆ ತುಂಡು ಮಾತುಗಳು ಅವಳ ಬೆನ್ನು ಬಿಡಲಿಲ್ಲ.

ಮಹಡಿಯ ಕೋಣೆಯನ್ನು ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಮಾಡುತ್ತೇನೆಂದು ಅವಳು ಹಟ ಹಿಡಿದದ್ದೂ ಇದೇ ಕಾರಣಕ್ಕೆ.

"ಬರ್ತಾರೆ, ಮಲಗ್ತಾರೆ, ಬೆಳಗ್ಗೆದ್ದು ತಿಂಡಿಗೆ ಕೂತ್ಕೋತಾರೆ," ಎಂದಳು ಗಂಡನಿಗೆ. "ತಿಂಡಿಗೆ ಕೂತವರು ಬಾಯಿ ಮುಚ್ಕೊಂಡಿರ್ತಾರಾ? ಸಾಯೋದ್ರೊಳಗೆ ಒಂದಾದ್ರೂ ಕತೆ ತುದಿವರೆಗೂ ಕೇಳ್ಬೇಕು ನಾನು."

ಗಂಡ ಬೀಗ ರಿಪೇರಿಯವನು. ಊರಿನವರ ಬಾಗಿಲು ಭದ್ರ ಮಾಡಿಯೇ ಹೊಟ್ಟೆ ಹೊರೆದವನು. "ಗುರುತು ಪರಿಚಯ ಇಲ್ದೋರ ಕೈಗೆ ನಾನೇ ನಮ್ಮನೆ ಕೀಲಿ ಕೊಡ್ಬೇಕಾ?" ಎಂದು ಗೊಣಗಿ, ಮರುದಿನವೇ ಮಹಡಿ ಬಾಗಿಲಿಗೆ ಹೊಸ ಬೀಗ ಕೂರಿಸಿ ಎರಡು ಕೀಲಿ ಕಡೆದು ತಂದ. ಅವನ ಒಪ್ಪಿಗೆ ಯಾವಾಗಲೂ ಹೀಗೇ, ಗೊಣಗಿನ ಬೆನ್ನಿಗೆ ಬರುತ್ತಿತ್ತು.

ಮನೆ ಒಂದು ಕಾಲಕ್ಕೆ ಬೇಕರಿಯಾಗಿತ್ತು. ಗಂಡ ಹುಟ್ಟುವ ಮೊದಲೇ ಅದು ಮುಚ್ಚಿಹೋಗಿ, ದೊಡ್ಡ ಒಲೆಯ ಬಾಯಿ ಮಾತ್ರ ಅಡುಗೆಮನೆಯಲ್ಲಿ ಉಳಿದಿತ್ತು. ಆ ಬಾಯಿಯೊಳಗೇ ಹಲೋಮ್ಮ ತನ್ನ ಗ್ಯಾಸ್ ಸ್ಟವ್ ಇಟ್ಟುಕೊಂಡಿದ್ದಳು. ಮೇಲಿನ ಕೋಣೆ ಅತ್ತೆಯದು. ಅತ್ತೆ ಕೆಳಗಿಳಿಯುವುದು ಕಮ್ಮಿ, ಮಾತು ಅದಕ್ಕಿಂತ ಕಮ್ಮಿ. ಮೂಲೆಯಲ್ಲೊಂದು ಕುರ್ಚಿ ಹಾಕಿಕೊಂಡು ಗೋಡೆಗೆ ತಲೆ ಆನಿಸಿ ಕೂತಿರುತ್ತಿದ್ದಳು. ಆದರೆ ಅವಳಿಗೆ ಗೊತ್ತಾಗದ ಸಂಗತಿಯೇ ಇರಲಿಲ್ಲ. ಸೊಸೆ ಯಾರಿಗೂ ಹೇಳದ ಸೊಂಟನೋವನ್ನು, ತಟ್ಟೆ ತಂದಿಟ್ಟಾಗ ಹೆಸರು ಹಿಡಿದು ಕೇಳುತ್ತಿದ್ದಳು. ಅತ್ತೆಗೆ ಮೈಯೆಲ್ಲ ಕಿವಿ ಎಂದು ಹಲೋಮ್ಮ ಎಷ್ಟೋ ಸಲ ಅಂದುಕೊಂಡದ್ದುಂಟು.

ಆ ಅತ್ತೆ ಹೋಗುವಾಗ ಮನೆಯನ್ನು ಮಗನಿಗೂ ಬರೆಯಲಿಲ್ಲ, ಮಗಳಿಗೂ ಬರೆಯಲಿಲ್ಲ. ಸೊಸೆಯ ಹೆಸರಿಗೆ ಬರೆದಿಟ್ಟಳು. ಯಾಕೆ ಎಂಬುದು ಸೊಸೆಗೇ ತಿಳಿಯಲಿಲ್ಲ. ಗಂಡನೇನೋ "ನಿನ್ನದಾದ್ರೇನು ನನ್ನದಾದ್ರೇನು" ಎಂದು ಸುಮ್ಮನಾದ. ಅವನ ಅಕ್ಕ ಮಾತ್ರ ಸುಮ್ಮನಾಗಲಿಲ್ಲ. ತಮ್ಮನಿಗಿಂತ ತುಂಬ ದೊಡ್ಡವಳು, ನೇರ ಮಾತಿನವಳು. "ನಮ್ಮಮ್ಮನ ಕಿವಿಗೆ ಏನು ಊದಿದ್ಲೋ ಏನೋ" ಎಂದು ನೆಂಟರ ಮುಂದೆಲ್ಲ ಆಡಿ, ಆ ಮನೆಯ ಹೊಸಿಲು ತುಳಿಯುವುದನ್ನೇ ಬಿಟ್ಟಳು. ಹಲೋಮ್ಮನಿಗೆ ಇದು ಗಂಟಲಲ್ಲಿ ಸಿಕ್ಕ ಮುಳ್ಳಾಯಿತು. ನಾದಿನಿಯೆಂದರೆ ಅವಳಿಗೆ ಇಷ್ಟ. ಮನೆಗೆ ಬಂದರೆ ಪಾತ್ರೆ ತಿಕ್ಕುತ್ತಲೇ ಬೈಯುವ, ಬೈಯುತ್ತಲೇ ನಗಿಸುವ ಹೆಂಗಸು ಅವಳೊಬ್ಬಳೇ. ಮಾಡದ ತಪ್ಪಿಗೆ ಅವಳನ್ನು ಕಳೆದುಕೊಳ್ಳುವುದು ನ್ಯಾಯವೇ? ಅತ್ತೆ ಹಾಗೇಕೆ ಮಾಡಿದಳು ಎಂದು ಗೊತ್ತಾದರೆ ಮುಖಕ್ಕೆ ಮುಖ ಕೊಟ್ಟು ಹೇಳಬಹುದಿತ್ತು.

ಕೋಣೆ ಸಿದ್ಧಮಾಡುವ ಗಡಿಬಿಡಿಯಲ್ಲಿ ಆ ಮುಳ್ಳು ಸ್ವಲ್ಪ ಮರೆಯಾಯಿತು. ಹಲೋಮ್ಮ ಜನ್ಮದಲ್ಲಿ ದುಡ್ಡು ಕೊಟ್ಟು ಬೇರೆ ಕಡೆ ಮಲಗಿದವಳಲ್ಲ. ಆದ್ದರಿಂದ ಸಿಕ್ಕಸಿಕ್ಕವರಿಗೆಲ್ಲ ಒಂದೇ ಪ್ರಶ್ನೆ ಹಾಕಿದಳು: ಪರರ ಕೋಣೆಗೆ ಕಾಲಿಟ್ಟ ತಕ್ಷಣ ಮೊದಲು ಏನು ಮಾಡ್ತೀರಿ? ಚಿಲಕ ಎಳೆದು ನೋಡ್ತೀನಿ ಎಂದ ಗಂಡ. ಹಾಲಿನವಳು ಮಂಚದ ಕೆಳಗೆ ಬಗ್ಗಿ ನೋಡುವವಳಂತೆ. ಟೀಚರಮ್ಮ ಅತ್ತ ಇತ್ತ ನೋಡಿ, ಗುಟ್ಟೆಂಬಂತೆ, "ದಿಂಬು ಮೂಸಿ ನೋಡ್ತೀನಿ" ಎಂದಳು. ಪೋಸ್ಟ್‌ಮ್ಯಾನ್ ಎಲ್ಲ ಡ್ರಾಯರನ್ನೂ ಎಳೆಯುತ್ತಾನಂತೆ. "ಏನಾದ್ರೂ ಸಿಕ್ಕಿದ್ಯಾ?" ಎಂದು ಹಲೋಮ್ಮ ಕಣ್ಣರಳಿಸಿದಳು. "ಒಂದ್ಸಲ ಹಲ್ಲಿನ ಸೆಟ್ಟು" ಎಂದು ಅವನು ಸೈಕಲ್ ಹತ್ತಿದ. ಯಾರ ಹಲ್ಲು, ಆಮೇಲೇನಾಯಿತು ಎಂದು ಅವಳು ಗೇಟಿನವರೆಗೂ ಓಡಿದಳು, ಆಸಾಮಿ ಸಿಗಲಿಲ್ಲ. ಅಂತೂ ಚಿಲಕಕ್ಕೆ ಎಣ್ಣೆ ಬಿತ್ತು, ಮಂಚದ ಕೆಳಗು ನೆಕ್ಕಿದ ತಟ್ಟೆಯ ಹಾಗಾಯಿತು, ದಿಂಬುಗಳು ಬಿಸಿಲು ಕುಡಿದವು. ತಿಂಡಿಗೆ ಬ್ರೆಡ್ಡು, ಬೆಣ್ಣೆ, ಮೊಟ್ಟೆ, ಹಣ್ಣು ಎಂದು ತೀರ್ಮಾನವಾಯಿತು. ಮೊಟ್ಟೆ ಬೇಯಿಸುವ ಪ್ರಯೋಗಗಳನ್ನೆಲ್ಲ ಗಂಡ ಮೌನವಾಗಿ ತಿಂದ.

ಪರವಾನಗಿ ಕೊಡುವ ಅಧಿಕಾರಿ ಬಂದು, ಕಿಟಕಿ ತೆಗೆದು, ನಲ್ಲಿ ತಿರುಗಿಸಿ, ಕೊನೆಗೆ ಅತ್ತೆಯ ಕುರ್ಚಿ ಸರಿಸಿದ. ಹಿಂದೆ ಗೋಡೆಯಲ್ಲಿ ಅಂಗೈಯಗಲದ, ಸಡಿಲವಾದ ಕಬ್ಬಿಣದ ಮುಚ್ಚಳ. ಬೇಕರಿ ಕಾಲದ ಚಿಮಣಿ ಆ ಗೋಡೆಯೊಳಗೇ ಹಾದುಹೋಗಿತ್ತು. ಮಸಿ ತೆಗೆಯಲು ಮಾಡಿದ ಕಿಂಡಿ ಅದು. ಅಡುಗೆಮನೆಯ ಹೊಗೆ ಮಲಗುವ ಕೋಣೆಗೆ ಬರಕೂಡದು, ಇದನ್ನು ಗಾರೆ ಹಾಕಿ ಮುಚ್ಚಿಸಿ ಎಂದ. ಹಲೋಮ್ಮ ಮೇಸ್ತ್ರಿಯನ್ನು ಕರೆಸಿದಳು.

ಮೇಸ್ತ್ರಿ ಮುಚ್ಚಳ ಕಿತ್ತಿಟ್ಟು ಕೂತ. ಹಲೋಮ್ಮ ಕೆಳಗೆ ಟೀಗೆ ನೀರಿಟ್ಟಳು. ಒಂಟಿಯಾಗಿ ಮಾತಾಡಿಕೊಳ್ಳುವುದು ಅವಳ ಹಳೆಯ ಚಾಳಿ. ಎಕ್ಸ್‌ಚೇಂಜಿನಲ್ಲಿ ದಿನವೆಲ್ಲ ನಾಲಿಗೆ ಕಚ್ಚಿಕೊಂಡಿದ್ದು, ಮನೆಗೆ ಬಂದ ಕೂಡಲೇ ಪಾತ್ರೆಪಗಡಗಳ ಮುಂದೆ ಎಲ್ಲವನ್ನೂ ಸುರಿದುಬಿಡುತ್ತಿದ್ದಳು. ಈಗಲೂ ಅದೇ. "ಬೆಳಗ್ಗೆಯಿಂದ ಒಂದು ಇಟ್ಟಿಗೆ ಮುಟ್ಟಿಲ್ಲ ಮಹಾರಾಯ, ಟೀ ಮಾತ್ರ ಮೇಲಿಂದ ಮೇಲೆ ಬೇಕು. ಈ ಸಲ ಸಕ್ಕರೆ ಹಾಕಲ್ಲ, ನೋಡೋಣ."

"ಹಾಕಮ್ಮಾ," ಎಂದಿತು ಒಲೆ. "ಸಕ್ಕರೆ ಇಲ್ದಿದ್ರೆ ಕೈ ಆಡಲ್ಲ ನಂಗೆ."

ಸೌಟು ಕೈಜಾರಿತು. ಮೇಸ್ತ್ರಿಯ ದನಿ ಪಕ್ಕದಲ್ಲೇ ನಿಂತು ಆಡಿದಷ್ಟು ಸ್ಪಷ್ಟವಾಗಿತ್ತು. ಅವಳು ಮೆಟ್ಟಿಲು ಹತ್ತಿ ಓಡಿದಳು, ಮೇಸ್ತ್ರಿಯನ್ನು ಟೀ ಕುಡಿಯಲು ಹೊರಗಟ್ಟಿದಳು, ಗಂಡನನ್ನು ಅಡುಗೆಮನೆಯಲ್ಲಿ ನಿಲ್ಲಿಸಿದಳು. "ಏನಾದ್ರೂ ಮಾತಾಡಿ, ಮೆತ್ತಗೆ." ಆಮೇಲೆ ಅತ್ತೆಯ ಕುರ್ಚಿಯನ್ನು ಹಳೆಯ ಜಾಗಕ್ಕೆ ಎಳೆದು, ಅತ್ತೆಯ ಹಾಗೇ ಗೋಡೆಗೆ ತಲೆ ಆನಿಸಿ ಕೂತಳು. ಗಂಡ ತಲೆ ಕೆರೆದುಕೊಂಡದ್ದು ಕೇಳಿಸಿತು. "ಏನ್ ಮಾತಾಡ್ಲಿ," ಎಂದು ಅವನು ಪಿಸುಗುಟ್ಟಿದ್ದೂ ಕೇಳಿಸಿತು. "ಹಸಿವಾಗ್ತಿದೆ."

ಹಲೋಮ್ಮ ತಿರುಗಿ ಕಿಂಡಿಯನ್ನೇ ನೋಡಿದಳು. ಹಾಗಾದರೆ ಇಷ್ಟು ವರ್ಷ ತಾನು ಪಾತ್ರೆಗಳಿಗೆ ಹೇಳಿದ್ದೆಲ್ಲ ಇಲ್ಲಿಗೆ ಬರುತ್ತಿತ್ತು. ಉಪ್ಪು ಕಮ್ಮಿಯಾದ್ರೂ ಮುಖ ಗಂಟು ಹಾಕ್ತಾಳೆ ಮುದುಕಿ, ಹೆಚ್ಚಾದ್ರೂ ಹಾಕ್ತಾಳೆ ಎಂದದ್ದು. ಸೊಂಟ ಮುರೀತು ಎಂದದ್ದು. ನಾಚಿಕೆಯಿಂದ ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು. ಇಷ್ಟೆಲ್ಲ ಕೇಳಿಯೂ ಮನೆ ಯಾಕೆ ಕೊಟ್ಟಳು ಎಂದು ಯೋಚಿಸುವಾಗಲೇ ಇನ್ನೊಂದು ಮಧ್ಯಾಹ್ನ ನೆನಪಿಗೆ ಬಂತು.

ಅತ್ತೆ ಹಾಸಿಗೆ ಹಿಡಿಯುವ ಮುಂಚಿನ ಮಾತು. ನಾದಿನಿ ಬಂದಿದ್ದಳು. ಇಬ್ಬರೂ ಅಡುಗೆಮನೆಯಲ್ಲಿದ್ದರು. "ಅಮ್ಮನ್ನ ನಾನು ಕರ್ಕೊಂಡು ಹೋಗಲ್ಲ ಕಣೇ," ಎಂದಿದ್ದಳು ನಾದಿನಿ, ತಟ್ಟೆ ತೊಳೆಯುತ್ತ. "ಅವಳ ಜೊತೆ ಒಂದು ದಿನ ಇರೋಕೂ ನನ್ನಿಂದ ಆಗಲ್ಲ. ಯಾವ್ದಾದ್ರೂ ವೃದ್ಧಾಶ್ರಮ ನೋಡೋಣ." ಅದಕ್ಕೆ ತಾನು ಅಂದದ್ದು: "ನೋಡೋದೇನೂ ಬೇಡ. ಬೈಕೊಂಡಾದ್ರೂ ನಾನೇ ಮಾಡ್ತೀನಿ. ಬೈಯೋಕೆ ಮನೇಲಿ ಒಬ್ರು ಬೇಕಲ್ಲ ನಂಗೆ." ಇಬ್ಬರೂ ನಕ್ಕಿದ್ದರು. ಮೇಲೆ, ಈ ಕುರ್ಚಿಯಲ್ಲಿ, ಅತ್ತೆ ಕೂತಿದ್ದಳು.

ಗಂಡನಿಗೆ ಎಲ್ಲ ಹೇಳಿದಳು. ಅವನು ಕೈಯಲ್ಲಿದ್ದ ಕೀಲಿಯನ್ನು ತಿರುವುತ್ತ, "ಅಕ್ಕಂಗೆ ಹೇಳ್ಬಿಡು," ಎಂದ. "ನಿನ್ನ ಮೇಲಿರೋ ಮಾತು ಹೋಗುತ್ತೆ."

ಹೋಗುತ್ತಿತ್ತು, ನಿಜ. ಕಿಂಡಿ ತೋರಿಸಿ, ಆ ಮಧ್ಯಾಹ್ನ ನೆನಪಿಸಿದರೆ ಸಾಕು, ನಾದಿನಿ ಮತ್ತೆ ಸೊಲ್ಲೆತ್ತುವ ಹಾಗಿರಲಿಲ್ಲ. ಆದರೆ ತನ್ನ ಮಾತನ್ನು ತಾಯಿ ಕೇಳಿಸಿಕೊಂಡಳೆಂದು ತಿಳಿದ ಮಗಳು ಆಮೇಲೆ ಹೇಗೆ ಬದುಕುತ್ತಾಳೆ? ಹೇಳಲೋ ಬೇಡವೋ ಎಂದು ಹಲೋಮ್ಮನಿಗೆ ಅನ್ನ ಸೇರದಾಯಿತು. ಮೇಸ್ತ್ರಿ ಕಿಂಡಿ ಮುಚ್ಚಿ ಸುಣ್ಣ ಬಳಿದ. ಮುಚ್ಚಳವನ್ನು ಅವಳು ಎಸೆಯಲಿಲ್ಲ. ಬೇಕಾದರೆ ತೋರಿಸಲು ಇರಲಿ ಎಂದು ಅಡುಗೆಮನೆಯ ಶೆಲ್ಫಿನಲ್ಲಿ, ಟವೆಲಿನ ಕೆಳಗೆ ಇಟ್ಟಳು.

ಬಾಗಿಲಿಗೆ ಬೋರ್ಡು ಬಿತ್ತು: ಮಲಗಲು ಕೋಣೆ, ಬೆಳಗಿನ ತಿಂಡಿ. ಗಂಡ ಅಕ್ಕನಿಗೆ ಫೋನು ಮಾಡಿ ಹೇಳಿದ. "ಓಹೋ," ಎಂದಳಂತೆ ಅಕ್ಕ, "ನಾನು ಹುಟ್ಟಿದ ಮನೇಲಿ ಮಲಗೋಕೆ ಈಗ ಬಾಡಿಗೆ ಬೇರೆ. ಆಗ್ಲಿ, ಮೊದಲ್ನೇ ಗಿರಾಕಿ ನಾನೇ. ಬರ್ತೀನಿ."

ಬಂದೇಬಿಟ್ಟಳು. ಹಲೋಮ್ಮನ ಮುಖ ನೋಡದೆ ಕೀಲಿ ಇಸಿದುಕೊಂಡು ಮೆಟ್ಟಿಲು ಹತ್ತಿದಳು. ಮಂಚದ ಕೆಳಗೆ ನೋಡಿದಳೋ, ದಿಂಬು ಮೂಸಿದಳೋ ಎಂದು ಹಲೋಮ್ಮ ಮೆಟ್ಟಿಲ ಬುಡದಲ್ಲಿ ನಿಂತು ಕಿವಿಗೊಟ್ಟಳು. ಕುರ್ಚಿ ಎಳೆದ ಸದ್ದು ಬಂತು. ಆಮೇಲೆ ಬೆಳಗಿನವರೆಗೂ ಏನೂ ಇಲ್ಲ.

ತಿಂಡಿಗೆ ಇಳಿದಾಗ ನಾದಿನಿಯ ಕಣ್ಣು ಕೆಂಪಾಗಿತ್ತು. ಬ್ರೆಡ್ಡನ್ನು ಚೂರು ಚೂರು ಮಾಡುತ್ತಿದ್ದಳೇ ಹೊರತು ಬಾಯಿಗಿಡಲಿಲ್ಲ.

"ಆ ಕಿಂಡಿ ಮುಚ್ಚಿಸ್ಬಿಟ್ಯಾ," ಎಂದಳು.

ಹಲೋಮ್ಮನ ಕೈಯಲ್ಲಿದ್ದ ಟೀ ಪಾತ್ರೆ ಅಲ್ಲೇ ನಿಂತಿತು. "ನಿಮಗೆ ಅದು ಗೊತ್ತಿತ್ತಾ ಅಕ್ಕಾ?"

"ಗೊತ್ತಿಲ್ದೆ ಏನು. ಬೇಕರಿ ಇದ್ದಾಗ ನಾನೂ ಅಮ್ಮನೂ ಅಲ್ಲೇ ಕೂತು ಕೆಳಗಿನ ಕೆಲಸದವರ ಜಗಳ ಎಲ್ಲ ಕೇಳ್ತಿದ್ವಿ. ನಕ್ಕೂ ನಕ್ಕೂ ಸಾಕಾಗೋದು. ಆಮೇಲೆ ಮದುವೆ ಆಯ್ತು, ಮರೆತೇ ಹೋಯ್ತು." ಅವಳು ಚೂರುಗಳನ್ನು ತಟ್ಟೆಯ ಅಂಚಿಗೆ ಒತ್ತಿದಳು. "ಅವತ್ತು ಈ ಅಡುಗೆಮನೇಲಿ ನಾನೊಂದು ಮಾತು ಆಡಿದ್ದೆ. ನಿಂಗೆ ನೆನಪಿದೆ. ಬಸ್ಸಲ್ಲಿ ವಾಪಸ್ ಹೋಗ್ತಾ ಕಿಂಡಿ ನೆನಪಾಯ್ತು ನೋಡು. ಅಮ್ಮಂಗೆ ಕೇಳಿಸ್ತಾ ಅಂತ ಕೇಳೋಕೆ ಧೈರ್ಯ ಬರ್ಲಿಲ್ಲ. ಅವಳು ಮನೇನ ನಿಂಗೆ ಬರೆದಾಗ, ಅದೇ ಉತ್ತರ ಇರ್ಬೇಕು ಅನ್ನಿಸ್ತು. ಅದಕ್ಕೇ ನಿನ್ನ ಮೇಲೆ ಹಾಕ್ದೆ. ಈಗ ನಿಜ ಹೇಳು. ಅಲ್ಲಿ ಕೇಳಿಸ್ತಿತ್ತಾ?"

ಹಲೋಮ್ಮನ ಕಣ್ಣು ಶೆಲ್ಫಿನ ಮೇಲಿನ ಟವೆಲಿನತ್ತ ಹೋಗಿ ಬಂತು. ಟೀ ಬಗ್ಗಿಸಿದಳು. ದನಿ ತಾನಾಗಿಯೇ ಹಳೆಯ ಕೆಲಸದ ದನಿಯಾಯಿತು, ಸಪಾಟಾಗಿ, ಸ್ಪಷ್ಟವಾಗಿ.

"ಇಲ್ಲ ಅಕ್ಕಾ. ಮೇಸ್ತ್ರಿ ಮುಚ್ಚಳ ತೆಗೆದಾಗ ನೋಡ್ದೆ. ಒಳಗೆಲ್ಲ ಮಸಿ, ಅದರ ಮೇಲೆ ಹಕ್ಕಿಗೂಡು. ಗಾಳಿ ಹೋಗೋಕೂ ದಾರಿ ಇರ್ಲಿಲ್ಲ, ಮಾತೆಲ್ಲಿ ಹೋಗುತ್ತೆ?"

"ಹಾಗಾದ್ರೆ ಮನೆ ನಿಂಗೆ ಯಾಕೆ ಬರೆದ್ಳು?"

ಗಂಡ ಬಾಯಿ ತೆರೆದ. ಹಲೋಮ್ಮ ಮೇಜಿನ ಕೆಳಗೆ ಅವನ ಪಾದ ತುಳಿದಳು, ಚೆನ್ನಾಗಿಯೇ ತುಳಿದಳು.

"ನಾನೇ ಕೇಳ್ಕೊಂಡೆ. ತಟ್ಟೆ ತಗೊಂಡು ಹೋದಾಗೆಲ್ಲ ಕಿವಿ ಊದಿದೆ. ನನ್ನ ಕಾಟ ತಡೀಲಾರದೆ ಬರೆದ್ರು ಅನ್ಸುತ್ತೆ."

ನಾದಿನಿ ಅವಳನ್ನೇ ದಿಟ್ಟಿಸಿದಳು. ಸಿಟ್ಟು ಬರಬೇಕಿತ್ತು. ಬಂದದ್ದು ಒಂದು ಉದ್ದನೆಯ ಉಸಿರು. ಭುಜ ಇಳಿಯಿತು, ಮುಖ ಸಡಿಲವಾಯಿತು, ಕಣ್ಣಲ್ಲಿ ನೀರು ತುಂಬಿತು. ಅದನ್ನು ಅವಳು ಮುಂಗೈಯಿಂದ ಒರೆಸಿಕೊಂಡಳು.

"ನಂಗೊತ್ತಿತ್ತು," ಎಂದಳು. "ನೀನು ಅಂಥೋಳೇ ಅಂತ ಮೊದಲಿಂದ್ಲೂ ಗೊತ್ತಿತ್ತು ನಂಗೆ."

"ಹೂಂ ಅಕ್ಕಾ."

"ಮೊಟ್ಟೆಗೆ ಉಪ್ಪಿಲ್ಲ. ಹೀಗಾದ್ರೆ ಎರಡನೇ ಗಿರಾಕಿ ಬರಲ್ಲ ನಿಂಗೆ." ಉಪ್ಪು ತಾನೇ ಎಳೆದುಕೊಂಡು ಉದುರಿಸಿ, ಹಸಿದವಳ ಹಾಗೆ ತಿನ್ನತೊಡಗಿದಳು.

ಹಲೋಮ್ಮ ಎದ್ದು ಒಲೆಯ ಬಳಿ ಹೋದಳು. ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಕತೆಯನ್ನು ತುದಿ ಮುಟ್ಟುವವರೆಗೂ ಕೇಳಿದ್ದಳು, ಮತ್ತು ಅದನ್ನು ಪಾತ್ರೆಗಳಿಗೂ ಹೇಳುವ ಹಾಗಿರಲಿಲ್ಲ. ಎದೆ ಭಾರವಾಗಿತ್ತು, ಸಂತೋಷವೂ ಆಗಿತ್ತು. ಹಿಂದಿನಿಂದ ನಾದಿನಿ ಕೂಗಿದಳು.

"ಹಲೋ," ಎಂದಳು ಅವಳು, ತಿರುಗದೆ.

"ಇನ್ನೆರಡು ಬ್ರೆಡ್ಡು ಸುಡು. ಮತ್ತೆ ಇವತ್ತು ರಾತ್ರೀನೂ ಕೋಣೆ ನಂಗೇ ಬೇಕು."