ಮೇಲಿನ ಮನೆಗೆ ಬಾರದ ಬೆಕ್ಕು

ಮಾಲು ಒಳ್ಳೆಯದು. ಕಸ ಇಲ್ಲ, ಹಸಿ ಇಲ್ಲ, ತೂಕದಲ್ಲಿ ಮೋಸ ಇಲ್ಲ. ಆದರೆ ಈ ಪೇಟೆಯಲ್ಲಿ ಗಿರಾಕಿ ಇಲ್ಲ.

ಭಾಗ್ಯಾಬಾಯಿ ನನ್ನ ಅಂಗಡಿಯ ಮೇಲಿನ ಮನೆ ನೋಡಲು ಬಂದ ದಿನ ನಾನು ಮನಸ್ಸಿನಲ್ಲೇ ಕಟ್ಟಿದ ಬೆಲೆ ಇದು. ಬೈಲಹೊಂಗಲದ ಬಜಾರದಲ್ಲಿ ಮೂವತ್ತೊಂದು ವರ್ಷ ಕಾಳು, ಬೆಲ್ಲ ಮಾರಿದವನಿಗೆ ಒಂದು ಮುಷ್ಟಿ ಹಿಡಿದರೆ ಚೀಲ ತಿಳಿಯುತ್ತದೆ. ಮೂವತ್ತೆಂಟರ ಆಸುಪಾಸಿನ ಹೆಂಗಸು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಹೆಗಲಿಗೆ ಡಬ್ಬಿಯ ಚೀಲ, ಕೈಯಲ್ಲಿ ಗಡಿಯಾರ. ಆ ಗಡಿಯಾರ ಸರಿಯಾದ ಹೊತ್ತನ್ನೇ ತೋರಿಸುತ್ತಿತ್ತು, ನಮ್ಮ ಊರಿನಲ್ಲಿ ಅದನ್ನೂ ಗುಣ ಎಂದೇ ಹಿಡಿಯಬೇಕು. ದವಾಖಾನೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಸರಕಾರಿ ಕೆಲಸ, ಬೆಳಗಾವಿಯಿಂದ ವರ್ಗ. ಹುಟ್ಟಿ ಬೆಳೆದದ್ದೆಲ್ಲ ಸಿಟಿಯಲ್ಲಿ. ಗಂಡನ ಹೆಸರು ಗೌತಮ, ಸವದತ್ತಿ-ರಾಮದುರ್ಗದ ಕಡೆಯ ಗುಡ್ಡಗಳ ಮೇಲಿನ ಗಾಳಿಯಂತ್ರ ರಿಪೇರಿ ಮಾಡುವವನು. ಮನೆಗೆ ಬರುವುದು ರವಿವಾರ ಮಾತ್ರ.

ಬಾಡಿಗೆ ಹೇಳಿದೆ. ಚೌಕಾಸಿ ಮಾಡಲಿಲ್ಲ. ಚೌಕಾಸಿ ಮಾಡದವರು ಎರಡು ಬಗೆ: ದುಡ್ಡು ಹೆಚ್ಚಾದವರು, ಇಲ್ಲವೇ ನಾಲ್ಕು ಕಡೆ ‘ಮನಿ ಖಾಲಿ ಇಲ್ಲರಿ’ ಅನ್ನಿಸಿಕೊಂಡು ಬಂದವರು. ಇವರು ಎರಡನೆಯ ಬಗೆ ಎಂದು ನನಗೆ ತಿಳಿದದ್ದು ಸಾಮಾನು ಏರಿಸುವಾಗ. ಎಲ್ಲಕ್ಕಿಂತ ಮೊದಲು ಬುದ್ಧನ ದೊಡ್ಡದೊಂದು ಫೋಟೋ ಮೆಟ್ಟಿಲು ಹತ್ತಿತು. ನನ್ನ ಹೆಂಡತಿ ಗುರುಬಸವ್ವ ಹಿಂದಿನ ಬಾಗಿಲಲ್ಲಿ ನಿಂತು ಕೇಳಿದಳು, “ನೋಡಿ ಕೊಟ್ಟೀರೇನು?”

“ಸರಕಾರಿ ಪಗಾರ ನೋಡಿ ಕೊಟ್ಟೇನಿ,” ಎಂದೆ. ಅಷ್ಟು ಹೇಳಿದ್ದಕ್ಕೇ ನಾನು ದೊಡ್ಡ ಮನಸ್ಸಿನವನು ಎಂದು ಎರಡು ವರ್ಷ ನಂಬಿಕೊಂಡಿದ್ದೆ.

ನಮ್ಮ ಓಣಿಯವರು ಜಗಳಗಂಟರಲ್ಲ. ಭಾಗ್ಯಾಬಾಯಿಯ ಹತ್ತಿರ ಸಕ್ಕರೆ ಕಾಯಿಲೆಯ ರಿಪೋರ್ಟು ಓದಿಸಿಕೊಳ್ಳುತ್ತಾರೆ, ‘ಬಾಯಾರ, ಬಾಯಾರ’ ಎನ್ನುತ್ತಾರೆ. ಅವರ ಮನೆಯಲ್ಲಿ ನೀರು ಮಾತ್ರ ಕುಡಿಯುವುದಿಲ್ಲ. ಆ ಮನೆತನ ಬುದ್ಧನ ಕಡೆ ಬಂದು ಎರಡು ತಲೆಮಾರು ಆದರೂ ಓಣಿಯ ಮುದುಕಿಯರ ನಾಲಿಗೆಯ ಮೇಲೆ ಅವರ ಹಳೆಯ ಜಾತಿಯ ಹೆಸರೇ ಇದೆ. ಬಂದ ವರ್ಷ ಬುದ್ಧ ಪೂರ್ಣಿಮೆಗೆ ಅವರು ಶೇಂಗಾ ಹೋಳಿಗೆ ಮಾಡಿ ಐದು ಮನೆಗಳಿಗೆ ತಾಟು ಕಳಿಸಿದ್ದರು. ಐದೂ ತಾಟು ತೊಳೆದು, ಬರಿದು ಕಳಿಸಬಾರದೆಂದು ಒಂದೊಂದು ಹಿಡಿ ಸಕ್ಕರೆ ಹಾಕಿ, ಮರಳಿ ಬಂದವು. ಹೋಳಿಗೆ ಆಕಳಿಗೆ ಹೋಗಿತ್ತು. ಆಕಳಿಗೆ ಹಾಕುವುದು ಪುಣ್ಯದ ಕೆಲಸ, ಯಾರೂ ತಪ್ಪು ಹುಡುಕುವ ಹಾಗಿಲ್ಲ. ನಮ್ಮ ಮನೆಯ ತಾಟೂ ಹಾಗೆಯೇ ಹೋಯಿತು.

ನನ್ನ ಗಲ್ಲಾಪೆಟ್ಟಿಗೆಯ ಎದುರಿಗೇ ಆ ಮೆಟ್ಟಿಲು. ಯಾರು ಹತ್ತುತ್ತಾರೆ, ಯಾರು ಇಳಿಯುತ್ತಾರೆ ಎಂದು ನೋಡದೆ ಇರಲು ಬರುವುದಿಲ್ಲ. ಎರಡು ವರ್ಷದಲ್ಲಿ ಹತ್ತಿದವರು ಗ್ಯಾಸಿನವನು, ಮೀಟರು ಓದುವವನು, ಒಮ್ಮೆ ಅಡ್ರೆಸ್ಸು ತಪ್ಪಿದ ಎಲ್‌ಐಸಿ ಏಜೆಂಟ. ಏಜೆಂಟ ತಪ್ಪು ಮನೆ ಎಂದು ಗೊತ್ತಾದ ಮೇಲೂ ಅರ್ಧ ತಾಸು ಇಳಿದಿರಲಿಲ್ಲ. ಮಾತಾಡಲು ಒಬ್ಬರು ಸಿಕ್ಕರೆಂದು ಭಾಗ್ಯಾಬಾಯಿ ಅವನ ಎಲ್ಲ ಪಾಲಿಸಿ ಕೇಳಿಸಿಕೊಂಡರಂತೆ.

ಸಂಜೆ ಡ್ಯೂಟಿ ಮುಗಿಸಿ ಅಂಗಡಿಯ ಮುಂದೆ ನಿಲ್ಲುತ್ತಿದ್ದರು. ಇವತ್ತು ನೂರು ಗ್ರಾಂ ಪುಟಾಣಿ. ನಾಳೆ ಕಾಲು ಕಿಲೋ ರವೆ. ನಾಡಿದ್ದು ಐವತ್ತು ಗ್ರಾಂ ಸಾಸಿವೆ.

“ತಿಂಗಳ ಸಂತಿ ಒಮ್ಮೆಲೇ ಒಯ್ರಿ ಬಾಯಾರ, ದಿನಾ ಯಾಕ ತ್ರಾಸ?”

“ಇರಲಿ ಬಿಡ್ರಿ ಸಾವಕಾರ್ರ, ತಾಜಾ ಇರತೈತಿ.”

ಸಾಸಿವೆ ಎಂದಾದರೂ ಹಳಸುತ್ತದೆಯೇ? ಒಂದು ಕಿಲೋ ಒಯ್ದರೆ ಆರು ತಿಂಗಳು ಅಂಗಡಿಗೆ ಬರಲು ನೆಪವಿಲ್ಲ. ಇಷ್ಟು ಸಣ್ಣ ಲೆಕ್ಕ ನನ್ನ ತಲೆಗೆ ಹೋಗಲು ಬಹಳ ದಿನ ಹಿಡಿಯಿತು.

ಕಳೆದ ಮಾರ್ಚಿನಲ್ಲಿ ಒಂದು ಸಂಜೆ ಮೊಬೈಲು ತೆಗೆದು ನನ್ನ ಮುಂದೆ ಹಿಡಿದರು. ಬೂದಿ ಬಣ್ಣದ, ಬಿಳಿ ಎದೆಯ ಒಂದು ಬೆಕ್ಕು.

“ಹಿಂದಿನ ಕಾಲು ಒಂದಿಲ್ಲರಿ. ಬೆಳಗಾವ್ಯಾಗ ಮ್ಯಾಲ ಗಾಡಿ ಹಾದೈತಿ. ಫರೀನ್ ಅಂತ ಒಬ್ಬಾಕಿ ಹುಡುಗಿ ಎತ್ಕೊಂಡು ಹೋಗಿ ಆಪರೇಶನ್ ಮಾಡಿಸ್ಯಾಳ. ಈಗ ಅದಕ್ಕ ಮನಿ ಹುಡಕಾಕ ಹತ್ತ್ಯಾಳ.”

“ಹೆಸರೇನ್ರಿ?”

“ಬಿಜಲಿ.”

“ಮೂರು ಕಾಲಿನ ಬಿಜಲಿ! ನಮ್ಮೂರ ಕರೆಂಟ್ ಇದ್ದಂಗ ಆತು, ಕುಂಟಕೋತ ಬರೂದು.”

ನಕ್ಕರು. ಅವರು ಬಾಯಿ ತುಂಬ ನಕ್ಕದ್ದನ್ನು ಅಂದೇ ಮೊದಲು ನೋಡಿದ್ದು.

“ಬೆಕ್ಕಿಗೆ ಬೆಳಗಾವಿತನಾ ಯಾಕ್ರಿ? ನನ್ನ ಗೋಡೌನಿನಾಗ ನಾಲ್ಕು ಅದಾವ. ಆರಿಸ್ಕೋರಿ, ಪುಕಟ.”

“ನಿಮ್ಮವು ನೋಡೇನ್ರಿ. ಹೋದ ವರ್ಷ ಒಂದಕ್ಕ ಎಂಟು ದಿನ ಹಾಲು ಹಾಕಿದೆ. ಕುಡದು, ಮೀಸಿ ಒರಸ್ಕೊಂಡು, ಎದುರಿನ ಖಾನಾವಳಿಗೆ ಹೋಗಿ ಕುಂತಿತು. ಇದಕ್ಕ ಜಿಗ್ಯಾಕ ಬರೂದಿಲ್ಲ. ಮನ್ಯಾಗ ಇರತೈತಿ.”

ಕನ್ಯೆ ಕೇಳಲು ಹೋದವರಿಗೂ ಇಷ್ಟು ತಪಾಸಣೆ ಇರುವುದಿಲ್ಲ. ಆ ಹುಡುಗಿ ಕಳಿಸಿದ ಫಾರ್ಮಿನಲ್ಲಿ ಇಪ್ಪತ್ತಾರು ಪ್ರಶ್ನೆ. ಮಾಲಕರ ಒಪ್ಪಿಗೆ ಬೇಕೆಂಬ ಸಾಲು ತೋರಿಸಲು ಭಾಗ್ಯಾಬಾಯಿ ಅದನ್ನು ನನ್ನ ಮುಂದೆ ಇಟ್ಟಿದ್ದರು. ಒಂದು ಸಾಲು ತೋರಿಸಿದರೆ ಉಳಿದ ಇಪ್ಪತ್ತೈದನ್ನೂ ಓದುವವನು ನಾನು. ‘ಮನೆಯಲ್ಲಿ ಎಷ್ಟು ಜನ?’ ಎಂಬಲ್ಲಿ ಬರೆದಿದ್ದರು: ಇಬ್ಬರು, ವಾರದಲ್ಲಿ ಆರು ದಿನ ಒಬ್ಬಳು. ‘ನೀವು ಕೆಲಸಕ್ಕೆ ಹೋದಾಗ ಬೆಕ್ಕಿನ ಜೊತೆ ಯಾರಿರುತ್ತಾರೆ?’ ಎಂಬಲ್ಲಿ: ಯಾರೂ ಇಲ್ಲ, ಐದೂವರೆಯ ನಂತರ ನಾನು, ಬೆಳಗಿನವರೆಗೆ. ‘ಬೆಕ್ಕು ಏಕೆ ಬೇಕು?’ ಎಂಬ ಪ್ರಶ್ನೆಗೆ ಉತ್ತರ ಬರೆದು, ಅದರ ಮೇಲೆ ಗೀಟು ಎಳೆದು, ಕೆಳಗೆ ‘ಇಷ್ಟ’ ಎಂದಷ್ಟೇ ಬರೆದಿದ್ದರು. ಗೀಟಿನ ಕೆಳಗೆ ಏನಿತ್ತೆಂದು ಚಾಳೀಸು ಕನ್ನಡಕ ಏರಿಸಿ ನೋಡಿದರೂ ನನಗೆ ಕಾಣಲಿಲ್ಲ.

ಕಿಟಕಿಗಳಿಗೆ ತಂತಿಯ ಜಾಳಿಗೆ ಬೇಕು ಎಂದಳು ಫರೀನ್, ಭಾಗ್ಯಾಬಾಯಿ ಹೊಡೆಸಿದರು. ಒಲೆಯ ಹೊಗೆ ಹೋಗುವ ಕಿಂಡಿಗೂ ಬೇಕು ಎಂದಳು, ಅದಕ್ಕೂ ಹೊಡೆಸಿದರು. ಎರಡು ಶನಿವಾರ ಅರ್ಧ ದಿನ ರಜೆ ಹಾಕಿ ನೇಸರಗಿಯ ಮೇಲೆ ಹೋಗುವ ಬಸ್ಸು ಹಿಡಿದು ಬೆಕ್ಕು ನೋಡಿಕೊಂಡು ಬಂದರು. ಎರಡನೆಯ ಸಲ ಅದು ತಾನಾಗಿ ಬಂದು ತೊಡೆಯ ಮೇಲೆ ಕುಳಿತಿತಂತೆ. “ಮುಂದಿನ ಬಸ್ಸಿಗೆ ಬಂದ್ರಾತು ಅಂತ ಎರಡು ಬಸ್ಸು ಬಿಟ್ಟೆ ನೋಡ್ರಿ,” ಎಂದರು. ಎಬ್ಬಿಸಲು ಮನಸ್ಸಾಗಲಿಲ್ಲವಂತೆ.

ಏಪ್ರಿಲ್ ತಿಂಗಳ ಒಂದು ರವಿವಾರ ಫರೀನ್ ತಾನೇ ಮನೆ ನೋಡಲು ಬಂದಳು. ಇಪ್ಪತ್ತೈದರ ಹುಡುಗಿ, ಬೆನ್ನಿಗೆ ಚೀಲ, ಕೈ ತುಂಬ ಬೆಕ್ಕು ಪರಚಿದ ಗೆರೆ. ಮೇಲೆ ಮುಕ್ಕಾಲು ತಾಸು ಇದ್ದಳು. ಚಹಾ ಕುಡಿದ ಬಟ್ಟಲು ತೊಳೆಯುವ ಸಪ್ಪಳ ಕೇಳಿತು. ಆಮೇಲೆ ಇಳಿದು ಅಂಗಡಿಗೆ ಬಂದಳು.

“ಕಾಕಾ, ಮನಿ ಅಗದೀ ಛಲೋ ಐತಿ. ನಿಮ್ಮದೊಂದು ಚೀಟಿ ಅಷ್ಟ ಬೇಕು. ಬಾಡಗಿ ಮನಿಯವರು ಬೆಕ್ಕ ಒಯ್ತಾರ, ಮಾಲಕರು ಬ್ಯಾಡ ಅಂತಾರ, ಬೆಕ್ಕ ರಸ್ತಾದಾಗ. ಮೂರು ಸಲ ಹಿಂಗ ಆಗೇತಿ. ಅದಕ್ಕ ಕೇಳತೇನಿ.”

“ಕೊಡೂಣಂತಲ್ಲ.”

“ಹದಿನೈದು ದಿನ ಹಿಡದ ಇಡತೇನ್ರಿ. ಧಾರವಾಡದವರೂ ಕೇಳಾಕ ಹತ್ತ್ಯಾರ.”

“ಮೂರು ಕಾಲಿನ ಬೆಕ್ಕಿಗೆ ಎರಡು ಗಿರಾಕಿ! ನನ್ನ ತೊಗರಿಗೆ ಒಂದಿಲ್ಲ ನೋಡವಾ.”

ಅವಳು ಬಸ್ಸು ಹತ್ತಿದ ಸಂಜೆಯೇ ಪಕ್ಕದ ಮನೆಯ ಪದ್ಮವ್ವ ಬಂದಳು. ನನ್ನ ಅಂಗಡಿಯ ಹಳೆಯ ಗಿರಾಕಿ, ಮಗಳ ಮದುವೆ ಕಿತ್ತೂರಿನಲ್ಲಿ ಗೊತ್ತಾಗಿತ್ತು.

“ಮ್ಯಾಲಿನವರು ಬೆಕ್ಕ ತರತಾರಂತ, ಖರೇನ? ಮಕ್ಕಳಿಲ್ಲಂತ ಬೆಕ್ಕ ಆಡಸ್ತಾರೇನ?”

“ಕುಂಟ ಬೆಕ್ಕವಾ. ಒಳಗ ಇರತೈತಿ.”

“ಬೆಕ್ಕು ಎಂದಾದ್ರೂ ಒಳಗ ಇದ್ದೀತೇನ? ಏಳು ಮನಿ ಗಡಗಿ ನೆಕ್ಕೂ ಜಾತಿ ಅದು. ಅವರ ಗಡಗ್ಯಾಗ ಬಾಯಿ ಹಾಕೂದು, ಅದ ಬಾಯಿ ತಂದು ನಮ್ಮ ಗಡಗ್ಯಾಗ ಹಾಕೂದು. ನನಗೇನಿಲ್ಲಪಾ, ನಮ್ಮತ್ತಿ ಭಾಳ ಮಡಿ. ನೀನ ವಿಚಾರ ಮಾಡು.” ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತಳು. “ಲಗ್ನದ ಸಾಮಾನಿನ ಯಾದಿ ಹದಿನೈದು ದಿನದಾಗ ಕೊಡತೇನಿ. ಬ್ಯಾರೆ ಅಂಗಡ್ಯಾವರೂ ಕೇಳ್ಯಾರ, ನಾ ಇನ್ನೂ ಹೂಂ ಅಂದಿಲ್ಲ.”

ಎರಡು ಮಾತಿಗೂ ಸಂಬಂಧವಿದೆ ಎಂದು ಅವಳು ಹೇಳಲಿಲ್ಲ. ವ್ಯಾಪಾರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಾಳಿಗೆಯ ಹಿಂದೆ ಕೂರುವ, ಜಿಗಿಯಲು ಬಾರದ ಬೆಕ್ಕು ಪದ್ಮವ್ವನ ಗಡಿಗೆಯವರೆಗೆ ಹೇಗೆ ಬಂದೀತು ಎಂದು ನಾನು ಕೇಳಲಿಲ್ಲ. ನನ್ನ ಗೋಡೌನಿನ ನಾಲ್ಕು ಬೆಕ್ಕುಗಳು ದಿನಾ ಎಲ್ಲರ ಅಡುಗೆಮನೆ ತಿರುಗಿ ಬರುತ್ತವೆ, ಮೇಲಿನ ಮನೆಯದನ್ನೂ ಬಿಡುವುದಿಲ್ಲ. ಅದನ್ನೂ ಹೇಳಲಿಲ್ಲ.

ಮರುದಿನ ಸಂಜೆ ಭಾಗ್ಯಾಬಾಯಿ ಚೀಟಿಗೆ ಬಂದರು.

“ಇವತ್ತ ಅಮಾಸಿರಿ ಬಾಯಾರ. ಪ್ಯಾಟೀನ ಬಂದ್ ಐತಿ, ಇಂಥಾ ದಿನ ಕಾಗದಕ್ಕ ಸಹಿ ಹೆಂಗ ಮಾಡ್ಲಿ?”

ಎರಡು ದಿನ ಬಿಟ್ಟು ಬಂದರು. “ಚಾಳೀಸು ಮನ್ಯಾಗ ಬಿಟ್ಟ ಬಂದೇನ್ರಿ.” ಮನೆ ಅಂಗಡಿಯ ಹಿಂದೆಯೇ ಇದೆ ಎಂಬುದು ಅವರಿಗೂ ಗೊತ್ತು. ಆಮೇಲೆ ಬಂದಾಗ, “ಇಂಥಾ ಕಾಗದ ಬಾಂಡ್ ಪೇಪರಿನ ಮ್ಯಾಲ ಇರಬೇಕರಿ, ನಾಳೆ ಕೋರ್ಟು ಕಚೇರಿ ಅಂದ್ರ?” ಎಂದೆ. ಬೆಕ್ಕಿಗೆ ಕೋರ್ಟು! ಮರುದಿನವೇ ಬಾಂಡ್ ಪೇಪರಿನ ಮೇಲೆ ಟೈಪ್ ಮಾಡಿಸಿ ತಂದರು. ನನ್ನ ಹೆಸರು, ಅಪ್ಪನ ಹೆಸರು, ಮನೆಯ ನಂಬರು, ಒಂದು ಅಕ್ಷರ ತಪ್ಪಿಲ್ಲ. “ಮಗಾ ಹುಬ್ಬಳ್ಳಿಂದ ಬರಲಿ, ಒಂದ ಮಾತು ತೋರಸ್ತೇನಿ,” ಎಂದು ಗಲ್ಲಾದಲ್ಲಿ ಇಟ್ಟುಕೊಂಡೆ.

ಹನ್ನೆರಡನೆಯ ದಿನ ಬಂದಾಗ ರೂಢಿಯಂತೆ ಕೇಳಿದೆ, “ಏನು ಕೊಡ್ಲಿ ಬಾಯಾರ?”

“ಏನೂ ಬ್ಯಾಡ್ರಿ. ಅದನ್ನ ಕೇಳಾಕ ಬಂದೆ.”

“ಮಗಾ ಇನ್ನೂ ಬಂದಿಲ್ರಿ.”

ಕಾಳು ಒಯ್ಯಲು ಬಂದವರಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದರು. ಆಮೇಲೆ ಮೇಲೆ ಹೋದರು. ಮೇಲಿನಿಂದ ಫೋನಿನ ಮಾತು ಕೇಳಿತು. “ಇನ್ನ ಎರಡ ದಿನ ಫರೀನ್. ಮನುಷ್ಯಾ ಕೆಟ್ಟಾಂವ ಅಲ್ಲ, ಗಡಬಿಡಿ ಇರತೈತಿ ಪಾಪ.” ಹದಿನೈದು ಮುಗಿಯಿತು. ಹದಿನಾರನೆಯ ಸಂಜೆ ಅಂಗಡಿಯ ಕಡೆ ನೋಡದೆ ಮೆಟ್ಟಿಲು ಹತ್ತಿದರು.

ಹದಿನೇಳನೆಯ ದಿನ ಪದ್ಮವ್ವನ ಯಾದಿ ಬಂತು, ಎರಡು ಪುಟ. ಕೈಗೆ ಬಂದ ಮೇಲೆ ಧೈರ್ಯವೂ ಬಂತು. ಗಲ್ಲಾದಿಂದ ಆ ಬಾಂಡ್ ಪೇಪರು ತೆಗೆದು ಸಹಿ ಹಾಕಿ, ಎರಡು ವರ್ಷದಲ್ಲಿ ಮೊದಲ ಸಲ ನಾನೇ ಆ ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದೇ ಇತ್ತು. ಭಾಗ್ಯಾಬಾಯಿ ಕುರ್ಚಿಯ ಮೇಲಿನ ಮಡಿಸಿದ ಬಟ್ಟೆ ತೆಗೆದರು. “ಬರ್ರಿ, ಕುಂಡ್ರಿ ಸಾವಕಾರ್ರ.” ಮೂಲೆಯಲ್ಲಿ ಒಂದು ಅಗಲ ಪರಾತ, ಅದರಲ್ಲಿ ಬೆಕ್ಕಿಗೆಂದು ಜರಡಿ ಹಿಡಿದ ಉಸುಕು ಸಮ ಮಾಡಿಟ್ಟಿತ್ತು. ಪಕ್ಕದಲ್ಲಿ ಹಳೆಯ ಸೀರೆಯ ಸುತ್ತು, ಎರಡು ಸ್ಟೀಲಿನ ಬಟ್ಟಲು.

“ಚಾ ಮಾಡ್ಲೇನ್ರಿ?”

“ಈಗಷ್ಟ ಕುಡದ ಬಂದೇನ್ರಿ.” ನಾನು ಕುಡಿದಿರಲಿಲ್ಲ. ಬಾಯಿ ತಾನಾಗಿ ಹೇಳಿಬಿಟ್ಟಿತು.

ಕಾಗದ ತೆಗೆದುಕೊಂಡು, ಲ್ಯಾಬಿನ ರಿಪೋರ್ಟು ಓದುವ ಹಾಗೆ ಕೊನೆಯವರೆಗೆ ಓದಿದರು. “ಸಹಿ ಚಂದ ಐತ್ರಿ. ಬಿಜಲಿ ನಿನ್ನೆ ಧಾರವಾಡಕ್ಕ ಹೋತು.” ಮೊಬೈಲು ತೋರಿಸಿದರು. ಯಾರದೋ ಸೋಫಾದ ಮೇಲೆ ಆ ಬೂದಿ ಬೆಕ್ಕು ಮಲಗಿತ್ತು. “ಛಲೋ ಮಂದಿ ಅಂತ. ಸ್ವಂತ ಮನಿ. ಯಾರ ಚೀಟೀನೂ ಬೇಕಾಗಲಿಲ್ಲ.”

“ಮತ್ತೊಂದು ಸಿಗತೈತಿ ಬಿಡ್ರಿ. ಬೆಕ್ಕಿಗೇನು ಬರ ಬಂದೈತೇನು?”

“ಹೂಂನ್ರಿ, ಸಿಗತೈತಿ.” ಮೊಬೈಲಿನ ಬೆಳಕು ಆರುವವರೆಗೂ ಅದನ್ನೇ ನೋಡಿದರು. “ಒಂದು ಕೇಳಲ್ರಿ ಸಾವಕಾರ್ರ? ಸಿಟ್ಟಿಲ್ಲ ನನಗ. ಬೆಳಗಾವ್ಯಾಗೂ ಬಾಡಗಿ ಮನಿ ಹುಡಕೇನಿ, ಇಲ್ಲೂ ಹುಡಕೇನಿ, ರೂಢಿ ಐತಿ. ಅಮಾಸಿ, ಚಾಳೀಸು ಎಲ್ಲಾ ಬಿಡ್ರಿ. ನಮ್ಮ ಅಡಗಿಮನ್ಯಾಗಿಂದ ನಿಮ್ಮ ಅಡಗಿಮನಿಗೆ ಬರತೈತಿ ಅಂತನ ಹೌದಲ್ರಿ?”

“ಛೇ ಛೇ, ಹಂಗೇನಿಲ್ರಿ ಬಾಯಾರ. ಬ್ಯಾಸಗ್ಯಾಗ ಮಾಳಗಿ ಮ್ಯಾಲ ಸಂಡಗಿ ಹಾಕತಾರ, ಬೆಕ್ಕ ತುಳದೀತು ಅಂತ…”

“ಆತ್ರಿ,” ಎಂದರು.

ಕತ್ತಲಾಗಿತ್ತು. ನಾನು ಎಡವಬಾರದೆಂದು ಮೆಟ್ಟಿಲಿನ ದೀಪ ಹಚ್ಚಿ, ನಾನು ಕೆಳಗೆ ಮುಟ್ಟುವವರೆಗೆ ಬಾಗಿಲಲ್ಲಿ ನಿಂತಿದ್ದರು.

ಇದಾಗಿ ಮೂರು ತಿಂಗಳಾಯಿತು. ಭಾಗ್ಯಾಬಾಯಿ ಕೇಳಿದ್ದಕ್ಕೆ ಉತ್ತರ ಹೌದು ಎಂಬುದು. ಅದನ್ನು ನಾನು ಅವರಿಗೆ ಇನ್ನೂ ಹೇಳಿಲ್ಲ. ನನ್ನ ಖಾತೆಯಲ್ಲಿ ಅವರಿಗೆ ಕೊಡಬೇಕಾದ ಬಾಕಿ ಎರಡು: ಆ ಒಂದು ಹೌದು, ಒಂದು ಬೆಕ್ಕು.