ಒಂದೇ ಕುರ್ಚಿಗೆ ಕಾಣುವ ಅರಮನೆ

ಅಜ್ಜ ಮದ್ರಾಸಿನ ಸ್ಟುಡಿಯೋಗಳಲ್ಲಿ ಕಪ್ಪು-ಬಿಳುಪು ಸಿನಿಮಾಗಳ ಕಲಾ ನಿರ್ದೇಶಕನಾಗಿದ್ದ. ಅವನು ಹೇಳಿದ್ದನ್ನೆಲ್ಲ ನಾನು ದಿನಚರಿಯಲ್ಲಿ ಬರೆದಿಡುತ್ತ ಬಂದಿದ್ದೇನೆ. ಈವರೆಗಿನ ಲೆಕ್ಕ ಹತ್ತೊಂಬತ್ತು ಸಿನಿಮಾ. ತೆರೆಯ ಮೇಲೆ ಅವನ ಹೆಸರು ಬಂದದ್ದು ನಾಲ್ಕರಲ್ಲಿ. ಆ ನಾಲ್ಕರ ಪ್ರತಿ ಎಲ್ಲೂ ಉಳಿದಿಲ್ಲ. ಹೀಗಾಗಿ ನಮ್ಮೂರು ಹಳಿಯಾಳದಲ್ಲಿ, ಅವನು ಅಲ್ಲಿ ಕಟ್ಟಿದ ಸೆಟ್ಟುಗಳನ್ನು ಕಂಡವರೇ ಇಲ್ಲ.

"ಅರಮನಿ ಕಟ್ಟೇನಿ ಅಂತೀರಿ, ಒಂದು ಕಂಬರೇ ತೋರಸ್ರಿ," ಎಂದು ಎದುರು ಮನೆಯ ಕಾಕಾ ಅಜ್ಜನನ್ನು ಕೆಣಕುತ್ತಿದ್ದರು. ಅವರದು ಕಾಳಿನ ಅಡತಿ ಅಂಗಡಿ. ಊರಿನ ಹವ್ಯಾಸಿ ನಾಟಕ ತಂಡದಲ್ಲಿ ಯಾವತ್ತೂ ಅವರೇ ರಾಜ. ಈ ವರ್ಷದ ನಾಟಕಕ್ಕೆ ಅರಮನೆ ಕಟ್ಟುವ ಕೆಲಸವನ್ನು ಅಜ್ಜ ತಾನೇ ಕೇಳಿ ಪಡೆದ.

ಅಂದಿನಿಂದ ಅವನು ಒಂದು ಕಡೆ ಕುಳಿತದ್ದಿಲ್ಲ. ಊಟದ ನಡುವೆ ಎದ್ದು ಗೋಡೆಯ ಮೇಲೆ ಗೆರೆ ಎಳೆಯುತ್ತಿದ್ದ. ದಾಂಡೇಲಿಯಿಂದ ಪ್ಲೈವುಡ್ ಬಂತು. ಗೋಣಿತಟ್ಟಿಗೆ ಪ್ಲಾಸ್ಟರ್ ಬಳಿದು ಕಂಬಗಳಾದವು. ಮುಂದಿನ ಕಂಬ ಆಳೆತ್ತರ ಮೀರಿತ್ತು. ಹಿಂದಿನವು ಒಂದಕ್ಕಿಂತ ಒಂದು ಗಿಡ್ಡ. ಕೊನೆಯ ಬಾಗಿಲು ನನ್ನ ಎದೆಮಟ್ಟ. ಪುಟ್ಟ ರಂಗದ ಮೇಲೆ ಉದ್ದನೆಯ ಮೊಗಸಾಲೆ ಕಾಣಲೆಂದು ಹೀಗೆ.

ನಾಟಕದ ಹಿಂದಿನ ದಿನ ಅಜ್ಜ ಸಭಾಂಗಣದ ನಡುವೆ ಕುರ್ಚಿ ಇಟ್ಟು, "ಕುಂಡ್ರು ಯವ್ವಾ," ಎಂದ. ಮೊಗಸಾಲೆ ಗೋಡೆಯನ್ನೇ ದಾಟಿ ಎಲ್ಲೋ ದೂರ ಹೋಗಿತ್ತು. ಉಳಿದ ಕುರ್ಚಿಗಳಲ್ಲೂ ಒಂದೊಂದಾಗಿ ಕುಳಿತು ನೋಡಿದೆ. ಎಲ್ಲ ಕಡೆಯಿಂದಲೂ ಕಂಬಗಳು ಕುಡಿದವರಂತೆ ವಾಲಿದ್ದವು.

ಅಷ್ಟರಲ್ಲಿ ಕಾಕಾ ಕೊನೆಯ ಬಾಗಿಲಿನಿಂದ ಬಗ್ಗಿ ಬಂದು ಎದ್ದು ನಿಂತರು. ತಲೆ ಕಮಾನಿನ ಮೇಲೆ ಹೋಯಿತು.

"ಎಲಾ ಇವನ! ರಾಜನ ಪಾರ್ಟ್ ಕೊಟ್ಟು ರಾಕ್ಷಸನ್ನ ಮಾಡೀರಲ್ರಿ ಅಜ್ಜಾರ!"

ರಂಗದ ಮೇಲಿದ್ದ ತಂಡದವರೆಲ್ಲ ನಕ್ಕರು. ಅಜ್ಜ ನಗಲಿಲ್ಲ.

"ಅಜ್ಜಾ, ಮಂದಿ ಎಲ್ಲಾ ಕಡೆ ಕುಂತಿರ್ತಾರ," ಎಂದೆ.

"ಕ್ಯಾಮೆರಾ ಒಂದಽ ಕಡೆ ಇರ್ತೈತಿ," ಎಂದವನು ತಡೆದು, "ಇರ್ತಿತ್ತು," ಎಂದ.

ಆ ಸಂಜೆ ಅವನೂ ಕುರ್ಚಿಯಿಂದ ಕುರ್ಚಿಗೆ ಹೋಗಿ ಕುಳಿತ, ಎದ್ದ, ಮತ್ತೆ ಕುಳಿತ. ಮರುದಿನ ಬೆಳಗ್ಗೆ ಅವನೇ, "ಹಳೀ ಪರದೆ ಇಳಿಬಿಡ್ರಿ," ಎಂದ. ನಾಟಕ ಆ ಪರದೆಯ ಮುಂದೆಯೇ ನಡೆಯಿತು. ಅರಮನೆ ಅದರ ಹಿಂದೆ ಉಳಿಯಿತು. ಅಜ್ಜ ಹೊರಗೆ ಅಂಗಳದಲ್ಲಿ ಅಡ್ಡಾಡುತ್ತಿದ್ದ.

ನಾಟಕ ಮುಗಿದು ಜನ ಏಳುವಾಗ ಕಾಕಾ ಕಿರೀಟದಲ್ಲೇ ಮೈಕು ಹಿಡಿದರು. "ಹೋಗಬ್ಯಾಡ್ರಿ! ನಡುವಿನ ಕುರ್ಚಿಗೆ ಒಬ್ಬೊಬ್ಬರಾಗಿ ಬರ್ರಿ. ಅಜ್ಜಾರ ಅರಮನಿ ಅಲ್ಲಿಂದಽ ಕಾಣ್ತೈತಿ."

ಪರದೆ ಏರಿತು. ಮೊದಲು ಅವರೇ ಕುಳಿತರು, ಕಿರೀಟ ತೊಡೆಯ ಮೇಲೆ. ಹಿಂದೆ ಸಾಲು ಬೆಳೆಯಿತು; ಅವರು ಏಳಲೇ ಇಲ್ಲ.

"ಏಳ್ರಿ ಕಾಕಾ, ನಾವೂ ನೋಡ್ತೇವಿ!"

"ತಡೀರಲೇ, ಇನ್ನೂ ಕೊನೀ ಬಾಗಲಾ ಮುಟ್ಟಿಲ್ಲ ನಾ."

ಕೊನೆಗೂ ಕಾಕಾ ಎದ್ದಾಗ ನಾನು ಅಂಗಳದಿಂದ ಅಜ್ಜನನ್ನು ಒಳಗೆ ಕರೆತಂದೆ. ಕುಳಿತು ಎದ್ದವರಿಗೆ ದಿನಚರಿಯಲ್ಲಿ ಒಂದೊಂದು ಗೀಟು ಹಾಕುತ್ತಿದ್ದಾಗ ಅವನು ನನ್ನ ತೋಳು ಜಗ್ಗಿದ.

"ಲೆಕ್ಕ ಆಮ್ಯಾಲ. ಎಡಕಿನ ಮೂರನೇ ಕಂಬದ ನೆರಳು ದಪ್ಪಾಗೇತಿ. ಬಣ್ಣದ ಡಬ್ಬಿ ಎಲ್ಲೈತಿ?"

ಸಾಲು ಅಲ್ಲೇ ನಿಂತಿತು. ಅಜ್ಜ ಬ್ರಷ್ ಹಿಡಿದು ರಂಗ ಹತ್ತಿದ.